ಓದುಗರ ಪ್ರಶ್ನೆ: ಒಂದು ಕಥೆ ಓದಿದ ಮಾತ್ರಕ್ಕೆ ಊರು ಬದಲಾಗುತ್ತದೆಯೇ?

ಓದಿದ ಮಾತ್ರಕ್ಕೆ ಆಗುವುದಿಲ್ಲ. ನಾಲ್ಕು ಜನ ಒಟ್ಟಿಗೆ ಕೂತು ಗಟ್ಟಿಯಾಗಿ ಓದಿ, ಅದನ್ನು ತಮ್ಮ ಮನೆಯ ಪಾಡಿಗೆ ಹಚ್ಚಿ ಮಾತಾಡಿದರೆ ಆಗುತ್ತದೆ. ಆಂಧ್ರಪ್ರದೇಶದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಆಗಿದ್ದು ಇದೇ.

1990ರ ದಶಕದ ಆರಂಭದಲ್ಲಿ ಆ ಜಿಲ್ಲೆಯಲ್ಲಿ ದೊಡ್ಡವರಿಗೆ ಓದುಬರಹ ಕಲಿಸುವ ಸಂಪೂರ್ಣ ಸಾಕ್ಷರತಾ ಆಂದೋಲನ ನಡೆಯುತ್ತಿತ್ತು. ಕಲಿಸುವವರು ಸಂಬಳವಿಲ್ಲದ ಸ್ವಯಂಸೇವಕರು, ಕಲಿಯಲು ಬಂದವರಲ್ಲಿ ಬಹಳಷ್ಟು ಜನ ಕೂಲಿ ಹೆಂಗಸರು. ದೇಶದ ಬೇರೆಡೆಯಂತೆ ಮೂರು ಹಂತದ ಪಠ್ಯ, ಸುಮಾರು 200 ಗಂಟೆಯ ಕಲಿಕೆ. ಅದರಲ್ಲೊಂದು ಪಾಠ, ಸಾರಾಯಿಯಿಂದ ನಲುಗಿದ ಸೀತಮ್ಮನ ಕಥೆ.

ಇಂಥ ಪಾಠ ಅಕ್ಷರದಿಂದ ಶುರುವಾಗುವುದಿಲ್ಲ. ಮೊದಲು ಚಿತ್ರ ತೋರಿಸಿ ‘ಇಲ್ಲಿ ಏನು ನಡೀತಿದೆ?’ ಎಂದು ಕೇಳಬೇಕು. ಎಲ್ಲರ ಬಾಯಿಂದ ಮಾತು ಬಂದ ಮೇಲೆ ಒಂದು ಪದ ಆರಿಸಿ, ಅಕ್ಷರ ಬಿಡಿಸಿ, ಅದೇ ಅಕ್ಷರಗಳಿಂದ ಹೊಸ ಪದ ಕಟ್ಟಿಸಬೇಕು. ಕೆಡುವುದು ಸಾಮಾನ್ಯವಾಗಿ ಇಲ್ಲೇ. ಹೊತ್ತಾಯಿತೆಂದು ಮಾತುಕತೆ ಬಿಟ್ಟು ನೇರವಾಗಿ ಅಕ್ಷರ ತಿದ್ದಿಸುತ್ತಾರೆ. ಇಲ್ಲವೇ ‘ಕುಡಿತ ಕೆಟ್ಟದ್ದು’ ಎಂದು ಉಪದೇಶಕ್ಕೆ ನಿಲ್ಲುತ್ತಾರೆ. ಗಂಡನ ಕೂಲಿ ಸಾರಾಯಿ ಅಂಗಡಿಗೆ ಹೋಗುವುದನ್ನು ದಿನಾ ನೋಡುವವಳಿಗೆ ಅದನ್ನು ಹೇಳಿಕೊಡಬೇಕೇ? ಪಕ್ಕದಲ್ಲಿ ಕೂತವಳ ಮನೆಯಲ್ಲೂ ಅದೇ ಕಥೆ ಎಂಬುದು ಮಾತ್ರ ಆ ಕಲಿಕಾ ಕೇಂದ್ರದಲ್ಲಿ ಬಾಯಿಬಿಟ್ಟು ಹೇಳಿಕೊಂಡಾಗಲೇ ಗೊತ್ತಾಗುವುದು.

ದೂಬಗುಂಟದ ಹೆಂಗಸರು ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. ಅವರಲ್ಲೊಬ್ಬರಾದ ರೋಸಮ್ಮ ಎಂಬವರ ಹೆಸರು ಆಂಧ್ರದ ತುಂಬ ಹಬ್ಬಿತು. ನಮ್ಮ ಪ್ರಕಾರ ಇಡೀ ಪ್ರಸಂಗದಲ್ಲಿ ಅತಿ ಮುಖ್ಯವಾದದ್ದು ಇದರ ಮುಂದಿನ ಹೆಜ್ಜೆ: ಆಂದೋಲನದವರು ಆ ಊರಿನ ಗೆಲುವನ್ನೇ ‘ಹೆಂಗಸರು ಒಂದಾದರೆ’ ಎಂಬರ್ಥದ ಹೆಸರಿನಲ್ಲಿ ಹೊಸ ಪಾಠವಾಗಿ ಬರೆದು ಬೇರೆ ಊರುಗಳ ಕೇಂದ್ರಗಳಿಗೆ ಕೊಟ್ಟರು. ಸೀತಮ್ಮ ಕಥೆಯೊಳಗಿನವಳು. ದೂಬಗುಂಟದವರು ಪಕ್ಕದ ಊರಿನವರು, ಹೋಗಿ ಮಾತಾಡಿಸಬಹುದಾದವರು. ‘ಅವರ ಕೈಲಾದದ್ದು ನಮ್ಮ ಕೈಲಾಗದೇ?’ ಎಂಬ ಪ್ರಶ್ನೆ ಹುಟ್ಟಲು ಅಷ್ಟು ಹತ್ತಿರದ ಊರೇ ಬೇಕಿತ್ತು.

ಗುರಿಯೂ ಕೈಗೆಟುಕುವಂತಿತ್ತು. ಮೊದಲು ಊರಿನ ಅಂಗಡಿ, ಆಮೇಲೆ ಜಿಲ್ಲೆಯಲ್ಲಿ ಸಾರಾಯಿ ಮಾರುವ ಹಕ್ಕಿನ ಹರಾಜು. ಹರಾಜು ನಡೆಯದಿದ್ದರೆ ಗುತ್ತಿಗೆದಾರನಿಲ್ಲ, ಗುತ್ತಿಗೆದಾರನಿಲ್ಲದೆ ಊರಿಗೆ ಸರಬರಾಜಿಲ್ಲ. 1992ರಲ್ಲಿ ಸಾವಿರಾರು ಹೆಂಗಸರು ಅಡ್ಡ ನಿಂತದ್ದರಿಂದ ನೆಲ್ಲೂರಿನ ಹರಾಜು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 1993ರ ಅಕ್ಟೋಬರ್ 1ರಿಂದ ರಾಜ್ಯದಲ್ಲೇ ಸಾರಾಯಿ ನಿಷೇಧವಾಯಿತು, 1995ರ ಜನವರಿಯಲ್ಲಿ ಪೂರ್ಣ ಪಾನನಿಷೇಧವೂ ಬಂತು.

ಎಲ್ಲವನ್ನೂ ಪಾಠದ ಲೆಕ್ಕಕ್ಕೆ ಬರೆಯುವುದು ತಪ್ಪು. ಸಿಟ್ಟು ಮೊದಲೇ ಇತ್ತು, ಮಹಿಳಾ ಸಂಘಟನೆಗಳ ದುಡಿಮೆಯೂ ಇತ್ತು. ಆ ಸಿಟ್ಟಿಗೆ ಕಲೆಯಲು ಒಂದು ಜಾಗ, ಆಡಲು ಒಂದು ಮಾತು ಬೇಕಿತ್ತು. ಅದನ್ನು ಪಾಠ ಒದಗಿಸಿತು. ಖಜಾನೆಗೆ ಅಬಕಾರಿ ಹಣ ಬೇಕಾದಾಗ 1997ರಲ್ಲಿ ಪೂರ್ಣ ನಿಷೇಧ ಸಡಿಲವಾಗಿ ಬ್ರಾಂದಿ, ವಿಸ್ಕಿ ಮರಳಿದವು. ಹೆಂಗಸರು ಹರಾಜು ತಡೆದು ನಿಲ್ಲಿಸಿದ್ದ ಸಾರಾಯಿಯ ಮೇಲಿನ ನಿಷೇಧ ಮಾತ್ರ ಹಾಗೇ ಉಳಿಯಿತು.