ಪದ ಪರಿಚಯ: ಗಾಲ್ಫ್ ಸ್ವಿಂಗ್‌ನ ‘ಲ್ಯಾಗ್’ ಮತ್ತು ಅದನ್ನು ಹಿಡಿದಿಡುವ ಹುಚ್ಚು

ಗಾಲ್ಫ್ ಕಲಿಸುವ ಇನ್ನೊಂದು ವಿಡಿಯೊದಲ್ಲಿ ಮತ್ತೆ ಅದೇ ಮಾತು: ‘ಲ್ಯಾಗ್ ಹಿಡಿದಿಡಿ, ಕೊನೇ ಕ್ಷಣದವರೆಗೂ ಬಿಡಬೇಡಿ.’ ಲ್ಯಾಗ್ ಅಂದರೆ ಕ್ಲಬ್ (ಗಾಲ್ಫ್ ಕೋಲು) ಬೀಸುವಾಗ ಅದರ ತಲೆ ಕೈಗಳಿಗಿಂತ ಹಿಂದೆ ಉಳಿಯುವುದು. ಕೇಳಿದವರು ಮರುದಿನ ಅಭ್ಯಾಸದ ರೇಂಜ್‌ಗೆ ಹೋಗುತ್ತಾರೆ. ಮಣಿಕಟ್ಟು ಬಿಗಿ ಮಾಡಿಕೊಂಡು ಬೀಸುತ್ತಾರೆ. ಬಾಲ್ ಬಲಗಡೆ ಎಲ್ಲೋ ಹೋಗುತ್ತದೆ. ಆಗ ಅವರಿಗೆ ಅನ್ನಿಸುವುದು ‘ನನಗೆ ಲ್ಯಾಗ್ ಸಾಲ್ತಿಲ್ಲ’ ಅಂತ. ಮತ್ತೆ ಇನ್ನಷ್ಟು ಬಿಗಿ ಹಿಡಿಯುತ್ತಾರೆ. ಸಲಹೆ ಕೊಟ್ಟವರು ಅಷ್ಟರಲ್ಲಿ ಮುಂದಿನ ವಿಡಿಯೊ ಮಾಡಿರುತ್ತಾರೆ.

ಬ್ಯಾಕ್‌ಸ್ವಿಂಗ್ ಅಂದರೆ ಕ್ಲಬ್ಬನ್ನು ಹಿಂದಕ್ಕೆ ಮೇಲೆತ್ತುವುದು, ಡೌನ್‌ಸ್ವಿಂಗ್ ಅಂದರೆ ಅದನ್ನು ಬಾಲ್ ಕಡೆಗೆ ಕೆಳಗೆ ಬೀಸುವುದು, ಇಷ್ಟು ಗೊತ್ತಿದ್ದರೆ ಸಾಕು. ಕೆಳಗಿನದೆಲ್ಲ ಬಲಗೈ ಆಟಗಾರರ ಲೆಕ್ಕ. ಎಡಗೈಯವರು ಅದಲುಬದಲು ಮಾಡಿಕೊಂಡು ಓದಿ.

ಮೊದಲು ಗೊಂದಲ ಮಾಡುವ ಬೇರೆ ಲ್ಯಾಗ್‌ಗಳನ್ನು ಪಕ್ಕಕ್ಕಿಡೋಣ. ಫೋನ್ ಲ್ಯಾಗ್ ಆಗುತ್ತದೆ, ಸಿನಿಮಾದ ಸೆಕೆಂಡ್ ಹಾಫ್ ಲ್ಯಾಗ್ ಆಗುತ್ತದೆ. ಅಲ್ಲೆಲ್ಲ ಅದು ದೋಷ. ಗಾಲ್ಫ್ ಸ್ವಿಂಗ್‌ನಲ್ಲಿ ದೋಷವಲ್ಲ. ಇನ್ನು ‘ಲ್ಯಾಗ್ ಪಟ್’ ಅಂತ ಒಂದಿದೆ. ದೂರದಿಂದ ಪಟ್ ಮಾಡುವಾಗ, ಅಂದರೆ ಬಾಲನ್ನು ನೆಲದ ಮೇಲೆ ಉರುಳಿಸುವಾಗ, ಹೋಲ್‌ಗೆ ಬೀಳಿಸಲೇಬೇಕು ಅಂತ ಹೊಡೆಯದೆ, ಹತ್ತಿರ ಹೋಗಿ ನಿಂತರೆ ಸಾಕು ಅಂತ ಹೊಡೆಯುವುದು. ಸ್ವಿಂಗ್‌ನ ಲ್ಯಾಗ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ‘ಒಳ್ಳೇ ಲ್ಯಾಗ್ ಇರೋರು ಪಟ್ಟಿಂಗ್ ಚೆನ್ನಾಗಿ ಮಾಡ್ತಾರೆ’ ಅನ್ನುವ ಮಾತನ್ನೂ ಕೇಳಿದ್ದೇನೆ. ಸುಮ್ನೆ ನಕ್ಕು ಮುಂದೆ ಹೋಗಬೇಕಷ್ಟೆ.

ಈಗ ವಿಷಯಕ್ಕೆ ಬರೋಣ. ಡೌನ್‌ಸ್ವಿಂಗ್‌ನಲ್ಲಿ ಕೈಗಳು ಮುಂದೆ ಹೋಗುತ್ತವೆ, ಕ್ಲಬ್‌ಹೆಡ್ ಹಿಂದೆ ಉಳಿದು ಅವುಗಳನ್ನು ಹಿಂಬಾಲಿಸುತ್ತದೆ. ಹೀಗೆ ಹಿಂದೆ ಉಳಿಯುವುದೇ ಲ್ಯಾಗ್. ಆಟಗಾರನ ಎದುರಿನಿಂದ ತೆಗೆದ ಫೋಟೊದಲ್ಲಿ ಇದು ಎಡ ಮುಂಗೈಗೂ ಶಾಫ್ಟ್‌ಗೂ (ಕ್ಲಬ್‌ನ ಉದ್ದನೆಯ ದಂಡ) ನಡುವಿನ ಕೋನವಾಗಿ ಕಾಣುತ್ತದೆ. ಎಡಗೈ ನೆಲಕ್ಕೆ ಸಮಾನಾಂತರವಾಗುವ ಹೊತ್ತಿಗೆ ಒಳ್ಳೆಯ ಆಟಗಾರರಲ್ಲಿ ಈ ಕೋನ ಸಾಮಾನ್ಯವಾಗಿ 90 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಕೆಲವರಲ್ಲಿ ಇನ್ನೂ ಚೂಪಾಗಿರುತ್ತದೆ. ಸ್ಪೇನ್‌ನ ಆಟಗಾರ ಸರ್ಜಿಯೊ ಗಾರ್ಸಿಯಾ ಅವರ ಫೋಟೊ ನೋಡಿದವರಿಗೆ ನಾನು ಹೇಳುತ್ತಿರುವುದು ತಕ್ಷಣ ಗೊತ್ತಾಗುತ್ತದೆ.

ತೊಂದರೆ ಶುರುವಾಗುವುದು ಈ ಫೋಟೊದಿಂದಲೇ. ಕೋನ ಅನ್ನುವುದು ಒಂದು ಆಕಾರ. ಲ್ಯಾಗ್ ಅನ್ನುವುದು ಚಲನೆಯಲ್ಲಿ ಮಾತ್ರ ಇರುವ ಸಂಗತಿ. ಕನ್ನಡಿ ಮುಂದೆ ನಿಂತು ಮಣಿಕಟ್ಟು ಮಡಚಿ, ಶಾಫ್ಟನ್ನು ಹೆಗಲ ಹತ್ತಿರ ಇಟ್ಟುಕೊಂಡು ನೀವು 60 ಡಿಗ್ರಿ ಕೋನ ಮಾಡಬಹುದು. ಅದರಲ್ಲಿ ಲ್ಯಾಗ್ ಸೊನ್ನೆ, ಯಾಕೆಂದರೆ ಏನೂ ಏನನ್ನೂ ಎಳೆಯುತ್ತಿಲ್ಲ. ಬ್ಯಾಕ್‌ಸ್ವಿಂಗ್‌ನ ತುದಿಯಲ್ಲಿ ಮಣಿಕಟ್ಟು ಮಡಚಿರುವುದು ಕೂಡ ಲ್ಯಾಗ್ ಅಲ್ಲ, ಅದು ಬರೀ ಹಿಂಜ್. ಲ್ಯಾಗ್ ಹುಟ್ಟುವುದು ದಿಕ್ಕು ಬದಲಾಗುವಾಗ, ಅಂದರೆ ದೇಹ ಒಂದು ಕಡೆ ಹೊರಟು ಕ್ಲಬ್ ಇನ್ನೂ ಹೊರಡದೆ ಇರುವಾಗ.

‘ಹಿಡಿದಿಡಿ’ ಎಲ್ಲಿಂದ ಬಂತು? ನನ್ನ ಅನುಮಾನ ಇದು. 1969ರಲ್ಲಿ ಅಮೆರಿಕದ ಹೋಮರ್ ಕೆಲ್ಲಿ ಗಾಲ್ಫ್ ಸ್ವಿಂಗನ್ನು ಒಂದು ಯಂತ್ರದಂತೆ ಬಿಚ್ಚಿ, ಪ್ರತಿ ಭಾಗಕ್ಕೂ ಹೆಸರಿಟ್ಟು ಬರೆದರು. ‘ಲ್ಯಾಗ್ ಉಳಿಸಿಕೊಳ್ಳಿ’ ಅನ್ನುವುದು ಅವರ ದೊಡ್ಡ ಮಂತ್ರ. ಇದು ನಿಜ. ಆದರೆ ಅವರು ಉಳಿಸಿಕೊಳ್ಳಿ ಅಂದದ್ದು ಒತ್ತಡವನ್ನು. ಕ್ಲಬ್ ಹಿಂದೆ ಉಳಿದಾಗ ಅದರ ಭಾರ ಬಲಗೈಯ ತೋರುಬೆರಳಿಗೆ ಒತ್ತುತ್ತದಲ್ಲ, ಆ ಒತ್ತಡ. ಇಂಪ್ಯಾಕ್ಟ್ (ಕ್ಲಬ್ ಬಾಲ್‌ಗೆ ತಗಲುವ ಕ್ಷಣ) ದಾಟುವವರೆಗೂ ಅದು ಬೆರಳಿಗೆ ತಿಳಿಯುತ್ತಿರಬೇಕು ಅನ್ನುವುದು ಅವರ ವಾದ. ಕೋನ ಆ ಹೊತ್ತಿಗೆ ಬಹುಪಾಲು ಬಿಚ್ಚಿಕೊಂಡಿರುತ್ತದೆ, ಬಿಚ್ಚಿಕೊಳ್ಳಲೇಬೇಕು. ಒತ್ತಡ ಇರುತ್ತದೆ, ಕೋನ ಹೋಗುತ್ತದೆ. ಎರಡೂ ಬೇರೆ ಬೇರೆ. ಒತ್ತಡ ಫೋಟೊದಲ್ಲಿ ಕಾಣುವುದಿಲ್ಲ, ಕೋನ ಕಾಣುತ್ತದೆ. ಹಾಗಾಗಿ ಒತ್ತಡಕ್ಕೆ ಹೇಳಿದ ಮಾತು ಕೋನಕ್ಕೆ ಅಂಟಿಕೊಂಡಿತು.

ಬೆರಳಿಗೆ ಒತ್ತುವುದು ಅಂದರೆ ಏನು ಅಂತ ತಿಳಿಯಬೇಕಾದರೆ ಕ್ಲಬ್ಬೇ ಬೇಕಿಲ್ಲ. ಒದ್ದೆ ಬಟ್ಟೆಯನ್ನು ಎತ್ತಿ ಕಲ್ಲಿಗೆ ಒಗೆಯುವವರನ್ನು ನೋಡಿ. ಕೈ ಕೆಳಗೆ ಬರುವಾಗ ಬಟ್ಟೆಯ ತುದಿ ಇನ್ನೂ ಬೆನ್ನ ಹಿಂದೆ ಇರುತ್ತದೆ, ಕೊನೆಗೆ ಕೈಯನ್ನು ದಾಟಿ ರಪ್ಪನೆ ಬಡಿಯುತ್ತದೆ. ತುದಿಯನ್ನು ಹಿಂದೆ ಹಿಡಿದಿಡಬೇಕು ಅಂತ ಅಲ್ಲಿ ಯಾರೂ ಯೋಚಿಸುವುದಿಲ್ಲ, ಅಲ್ವಾ? ಎಳೆದದ್ದಕ್ಕೆ ಅದು ಹಿಂದೆ ಉಳಿಯಿತು, ಎಳೆತ ನಿಧಾನವಾದದ್ದಕ್ಕೆ ಅದು ಮುಂದೆ ಬಂತು.

ಸ್ವಿಂಗ್‌ನಲ್ಲೂ ಲೆಕ್ಕ ಇಷ್ಟೇ, ಎಳೆಯುವವರು ಮಾತ್ರ ಜಾಸ್ತಿ. ಕ್ಲಬ್ ಇನ್ನೂ ಹಿಂದಕ್ಕೆ ಹೋಗುತ್ತಿರುವಾಗಲೇ ಭಾರ ಎಡಗಾಲಿಗೆ ಹೊರಟಿರುತ್ತದೆ. ಸೊಂಟ ತಿರುಗುತ್ತದೆ, ಅದರ ಹಿಂದೆ ಎದೆ, ಅದರ ಹಿಂದೆ ಕೈ, ಕೊನೆಗೆ ಕ್ಲಬ್. ಪ್ರತಿಯೊಂದೂ ತನ್ನ ಗರಿಷ್ಠ ವೇಗ ಮುಟ್ಟಿ ನಿಧಾನವಾಗುತ್ತದೆ, ಆ ವೇಗವನ್ನು ಮುಂದಿನದು ತೆಗೆದುಕೊಳ್ಳುತ್ತದೆ. ಕೋಚ್‌ಗಳು ಇದನ್ನು ಕೈನೆಮ್ಯಾಟಿಕ್ ಸೀಕ್ವೆನ್ಸ್ ಅನ್ನುತ್ತಾರೆ. ಹೆಸರು ದೊಡ್ಡದು, ಅರ್ಥ ‘ಯಾರ ಹಿಂದೆ ಯಾರು’ ಅನ್ನುವುದಷ್ಟೆ. ಈ ಸರದಿ ಸರಿ ಇದ್ದರೆ ಲ್ಯಾಗ್ ಇರುತ್ತದೆ. ಸರದಿ ತಪ್ಪಿ ಕೈಗಳೋ ಬಲಭುಜವೋ ಮೊದಲು ಹೊರಟರೆ ಎಷ್ಟು ಬಿಗಿ ಹಿಡಿದರೂ ಇರುವುದಿಲ್ಲ.

ಹಿಡಿದಿಡುವುದಕ್ಕೆ ಸಮಯವೂ ಇಲ್ಲ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಡೌನ್‌ಸ್ವಿಂಗ್ ಮುಗಿಯಲು ಹಿಡಿಯುವುದು ಹೆಚ್ಚುಕಡಿಮೆ ಕಾಲು ಸೆಕೆಂಡ್. ಒಂದು ಬೆಳಕು ಕಂಡ ತಕ್ಷಣ ಬಟನ್ ಒತ್ತಿ ಅಂದರೂ ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕು. ‘ಈಗ ಹಿಡಿ, ಈಗ ಬಿಡು’ ಅಂತ ನೀವು ತೀರ್ಮಾನ ಮಾಡುವಷ್ಟರಲ್ಲಿ ಬಾಲ್ ಹೋಗಿಯಾಗಿರುತ್ತದೆ.

ಬಲದ ಮಾತೂ ಇದೆ. ಡ್ರೈವರ್, ಅಂದರೆ ಅತಿ ದೂರ ಹೊಡೆಯುವ ಕ್ಲಬ್, ಅದರ ತಲೆಯ ತೂಕ ಸುಮಾರು 200 ಗ್ರಾಂ. ವೃತ್ತಿಪರ ಪುರುಷರ ಮಟ್ಟದಲ್ಲಿ ಅದು ಗಂಟೆಗೆ 180 ಕಿ.ಮೀ. ದಾಟಿ ಹೋಗುತ್ತದೆ. ಆ ವೇಗದಲ್ಲಿ ವೃತ್ತಾಕಾರವಾಗಿ ತಿರುಗುವ ಆ 200 ಗ್ರಾಂ ನಿಮ್ಮ ಕೈಯನ್ನು ಹೊರಗೆಳೆಯುವ ಬಲ ಲೆಕ್ಕ ಹಾಕಿದರೆ ಸುಮಾರು 30 ಕಿಲೊ ತೂಕದಷ್ಟಾಗುತ್ತದೆ. ಮಣಿಕಟ್ಟನ್ನು ಬಿಚ್ಚುವುದು ಈ ಎಳೆತವೇ. ಗಾರ್ಸಿಯಾ ಕೂಡ ಅದನ್ನು ತಡೆಯುವುದಿಲ್ಲ. ಅವರ ಕೋನ ತಡವಾಗಿ ಬಿಚ್ಚಿಕೊಳ್ಳುತ್ತದೆ, ಯಾಕೆಂದರೆ ಅವರ ದೇಹ ಅಷ್ಟು ಹೊತ್ತು ಮುಂದೆ ಎಳೆಯುತ್ತಲೇ ಇರುತ್ತದೆ. ನಾವು ಹಿಡಿಯಲು ಹೋದರೆ ಮೊದಲು ಬಿಗಿಯಾಗುವುದು ಮುಂಗೈ, ಆಮೇಲೆ ಭುಜ, ಕೊನೆಗೆ ಇಡೀ ಸ್ವಿಂಗ್ ನಿಧಾನ. ಜಾಸ್ತಿ ದೂರ ಹೊಡೆಯಬೇಕು ಅಂತ ಶುರುಮಾಡಿದ್ದು ಕಡಿಮೆ ದೂರದಲ್ಲಿ ಮುಗಿಯುತ್ತದೆ.

ಇನ್ನು ಕಾಸ್ಟಿಂಗ್. ಮೇಲಿನಿಂದಲೇ ಮಣಿಕಟ್ಟು ಬಿಚ್ಚಿ ಕ್ಲಬ್‌ಹೆಡ್ಡನ್ನು ಎಸೆದುಬಿಡುವುದು, ಲ್ಯಾಗ್‌ನ ವೈರಿ ಅಂತ ಎಲ್ಲರೂ ಬೈಯುವ ಅಭ್ಯಾಸ. ಹೆಚ್ಚಿನ ಪಾಠಗಳು ಇದನ್ನು ಕೈಯ ತಪ್ಪು ಅಂತಲೇ ನೋಡುತ್ತವೆ. ನನ್ನ ತಕರಾರು ಇಲ್ಲಿದೆ. ಹೆಚ್ಚಿನವರು ಕಾಸ್ಟ್ ಮಾಡುವುದಕ್ಕೆ ಒಳ್ಳೆಯ ಕಾರಣವೇ ಇರುತ್ತದೆ: ಅವರ ಕ್ಲಬ್ ಫೇಸ್ (ಬಾಲ್‌ಗೆ ತಗಲುವ ಮುಖ) ತೆರೆದಿರುತ್ತದೆ, ಅಂದರೆ ಗುರಿಯ ಬಲಕ್ಕೆ ತಿರುಗಿರುತ್ತದೆ. ಗ್ರಿಪ್ ವೀಕ್ ಆಗಿರುತ್ತದೆ (ಕೈಗಳು ಹಿಡಿಯ ಮೇಲೆ ಎಡಕ್ಕೆ ತಿರುಗಿರುತ್ತವೆ), ಅಥವಾ ಮೇಲ್ತುದಿಯಲ್ಲಿ ಎಡ ಮಣಿಕಟ್ಟು ಹಿಂದಕ್ಕೆ ಬಾಗಿರುತ್ತದೆ. ಆ ಫೇಸ್ ಹಾಗೇ ಬಾಲ್‌ಗೆ ಬಂದರೆ ಬಾಲ್ ಬಲಗಡೆಗೇ ಹೋಗುತ್ತದೆ. ಇದು ದೇಹಕ್ಕೆ ಗೊತ್ತು, ನೂರಾರು ಬಾಲ್ ಹೊಡೆದು ಕಲಿತಿದೆ. ಫೇಸ್ ಮುಚ್ಚಲು ಸಮಯ ಬೇಕು ಅಂತ ಅದು ಕ್ಲಬ್ಬನ್ನು ಬೇಗ ಎಸೆಯುತ್ತದೆ. ಅಂದರೆ ಕಾಸ್ಟಿಂಗ್ ರೋಗವಲ್ಲ, ದೇಹ ತಾನೇ ಕಂಡುಕೊಂಡ ಮದ್ದು. ಈ ಮನುಷ್ಯನಿಗೆ ಹೋಗಿ ‘ಲ್ಯಾಗ್ ಹಿಡಿ’ ಅಂದರೆ ಏನಾಗುತ್ತದೆ? ಮದ್ದು ಕಿತ್ತುಕೊಂಡ ಹಾಗೆ. ಫೇಸ್ ತೆರೆದೇ ಬರುತ್ತದೆ, ಮೊದಲು ಸ್ಲೈಸ್ ಆಗುತ್ತಿದ್ದ (ಬಲಕ್ಕೆ ಬಾಗಿ ಹೋಗುತ್ತಿದ್ದ) ಬಾಲ್ ಈಗ ಮೈದಾನವನ್ನೇ ಬಿಟ್ಟು ಹೋಗುತ್ತದೆ. ಆಮೇಲೆ ಅವನು ಹಳೇ ಎಸೆತಕ್ಕೇ ವಾಪಸ್. ಅವನ ತಪ್ಪೇನೂ ಇಲ್ಲ.

ಹಾಗಾಗಿ ಮೊದಲು ನೋಡಬೇಕಾದದ್ದು ಗ್ರಿಪ್ ಮತ್ತು ಫೇಸ್. ಎಡಗೈಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿ ಹಿಡಿದು, ಮೇಲೆ ಎಡ ಮಣಿಕಟ್ಟು ಹೆಚ್ಚುಕಡಿಮೆ ಚಪ್ಪಟೆ ಇರುವ ಹಾಗೆ ಮಾಡಿಕೊಂಡರೆ, ಎಸೆಯುವ ಅವಸರವೇ ಕಡಿಮೆಯಾಗುತ್ತದೆ. ‘ಲ್ಯಾಗ್’ ಅನ್ನುವ ಮಾತನ್ನೇ ಎತ್ತದೆ ಲ್ಯಾಗ್ ಬರುವುದು ಹೀಗೆ. ಕಾಸ್ಟಿಂಗ್‌ಗೆ ಬೇರೆ ಕಾರಣಗಳೂ ಇವೆ: ಬಾಲನ್ನು ಕೆಳಗಿನಿಂದ ಎತ್ತಬೇಕು ಅನ್ನುವ ಭ್ರಮೆ, ಬಲಗೈಯಿಂದ ತಳ್ಳುವುದು, ಹಿಡಿತ ಅತಿ ಬಿಗಿ ಇರುವುದು. ಆದರೆ ಫೇಸ್ ಸರಿಮಾಡದೆ ಇವಕ್ಕೆ ಕೈಹಾಕುವುದರಲ್ಲಿ ಅರ್ಥವಿಲ್ಲ.

ಇನ್ನೊಂದು ಗೊಂದಲವನ್ನೂ ಬೇಗ ಹೇಳಿಬಿಡುತ್ತೇನೆ. ಮಣಿಕಟ್ಟು ಎರಡು ರೀತಿ ಬಾಗುತ್ತದೆ. ಹೆಬ್ಬೆರಳು ಮುಂಗೈ ಕಡೆಗೆ ಮೇಲೆ ಬರುವುದು ಒಂದು, ಅಂಗೈ ಅಥವಾ ಕೈಹಿಂಬದಿಯ ಕಡೆಗೆ ಬಾಗುವುದು ಇನ್ನೊಂದು. ಫೋಟೊದ ಲ್ಯಾಗ್ ಕೋನ ಬಹುಪಾಲು ಮೊದಲನೆಯದು. ಐರನ್ (ಲೋಹದ ಚಪ್ಪಟೆ ತಲೆಯ ಕ್ಲಬ್) ಹೊಡೆಯುವಾಗ ಇಂಪ್ಯಾಕ್ಟ್‌ನಲ್ಲಿ ಕೈ ಬಾಲ್‌ಗಿಂತ ಮುಂದಿದ್ದು ಶಾಫ್ಟ್ ಗುರಿಯ ಕಡೆ ವಾಲುತ್ತದಲ್ಲ, ಆ ಶಾಫ್ಟ್ ಲೀನ್‌ಗೆ ಎರಡನೆಯದು ಮುಖ್ಯ. ಜನ ಎರಡನ್ನೂ ಲ್ಯಾಗ್ ಅಂತಲೇ ಕರೆಯುತ್ತಾರೆ. ಅರ್ಧ ದಾರಿಯಲ್ಲಿ ಭರ್ಜರಿ ಕೋನ ಇಟ್ಟುಕೊಂಡು ಬಂದು, ಕೊನೆಯಲ್ಲಿ ಎಡ ಮಣಿಕಟ್ಟು ಹಿಂದಕ್ಕೆ ಮುರಿದು ಫ್ಲಿಪ್ ಮಾಡುವವರು ಬೇಕಾದಷ್ಟಿದ್ದಾರೆ. ಫೋಟೊ ಚೆಂದ, ಬಾಲ್ ನೆಲ ಕೆರೆದುಕೊಂಡು ಹೋಗುತ್ತದೆ. ಇನ್ನು ಡ್ರೈವರ್‌ನಲ್ಲಿ ಬಾಲ್ ಮುಂದೆ ಇರುವುದರಿಂದ, ಟೀ (ಬಾಲ್ ಇಡುವ ಪುಟ್ಟ ಗೂಟ) ಮೇಲಿರುವುದರಿಂದ ಅಷ್ಟು ಲೀನ್ ಬೇಡವೇ ಬೇಡ. ಐರನ್‌ಗೆ ಹೇಳಿದ ಪಾಠವನ್ನು ಡ್ರೈವರ್‌ಗೆ ಹಚ್ಚುವುದನ್ನು ಯಾರಾದರೂ ನಿಲ್ಲಿಸಬೇಕು.

ಲ್ಯಾಗ್ ಜಾಸ್ತಿ ಇದ್ದಷ್ಟೂ ಒಳ್ಳೆಯ ಆಟಗಾರ ಅನ್ನುವುದೂ ನಿಲ್ಲುವ ವಾದವಲ್ಲ. ಗಾರ್ಸಿಯಾ 2017ರಲ್ಲಿ ಮಾಸ್ಟರ್ಸ್ ಎಂಬ ದೊಡ್ಡ ಟೂರ್ನಿ ಗೆದ್ದರು, ಸರಿ. ಅಮೆರಿಕದ ಆಟಗಾರ ಸ್ಟೀವ್ ಸ್ಟ್ರಿಕರ್ ಅವರನ್ನೂ ನೋಡಿ. ಮಣಿಕಟ್ಟು ತುಂಬಾ ಕಡಿಮೆ ಮಡಚುವುದಕ್ಕೇ ಅವರ ಸ್ವಿಂಗ್ ಹೆಸರುವಾಸಿ. ಫೋಟೊದಲ್ಲಿ ಹುಡುಕಿದರೆ ಚೂಪಾದ ಕೋನ ಸಿಗುವುದಿಲ್ಲ. ಅಮೆರಿಕದ ವೃತ್ತಿಪರ ಸರಣಿಯಾದ ಪಿಜಿಎ ಟೂರ್‌ನಲ್ಲಿ ಅವರು ಗೆದ್ದದ್ದು 12 ಸಲ. ಕೋನ ಚೂಪಾಗಿಲ್ಲದಿದ್ದರೂ ಸರದಿ ಸರಿ ಇತ್ತು.

ಅಭ್ಯಾಸ ಏನಾದರೂ ಬೇಕೇ ಬೇಕು ಅನ್ನುವವರಿಗೆ ಸ್ಟೆಪ್ ಡ್ರಿಲ್ ಸಾಕು. ಕಾಲು ಜೋಡಿಸಿ ನಿಂತು ಬ್ಯಾಕ್‌ಸ್ವಿಂಗ್ ಶುರುಮಾಡಿ, ಕ್ಲಬ್ ಮೇಲೆ ಮುಟ್ಟುವ ಮೊದಲೇ ಎಡಗಾಲನ್ನು ಗುರಿಯ ಕಡೆ ಇಟ್ಟು ಹೊಡೆಯಿರಿ. ದೇಹ ಮೊದಲು, ಕ್ಲಬ್ ಆಮೇಲೆ ಅನ್ನುವುದನ್ನು ಕಾಲೇ ಕಲಿಸುತ್ತದೆ. ಕೈ ಬಗ್ಗೆ ಯೋಚಿಸುವ ಪುರುಸೊತ್ತೇ ಇರುವುದಿಲ್ಲ, ಅದೇ ಇದರ ಲಾಭ. ಅರ್ಧ ದಾರಿಗೆ ಬಂದು ನಿಂತು ಮತ್ತೆ ಮೇಲೆ ಹೋಗುವ ಪಂಪ್ ಡ್ರಿಲ್ ನನಗೆ ಅಷ್ಟು ಇಷ್ಟವಿಲ್ಲ, ಮುಕ್ಕಾಲುಪಾಲು ಜನ ಅದರಿಂದ ಒಂದು ಭಂಗಿಯನ್ನಷ್ಟೇ ಕಲಿತು ಬರುತ್ತಾರೆ.

ಕೊನೆಯದಾಗಿ ಆ ವಿಡಿಯೊಗಳ ಬಗ್ಗೆ. ಶಾಫ್ಟ್ ಬಿಲ್ಲಿನಂತೆ ಬಾಗಿರುವ ಒಂದು ಚಿತ್ರ ನಿಲ್ಲಿಸಿ, ‘ನೋಡಿ ಲ್ಯಾಗ್!’ ಅಂತ ಬಾಣದ ಗುರುತು ಹಾಕಿರುತ್ತಾರಲ್ಲ, ಅದರಲ್ಲಿ ದೊಡ್ಡ ಪಾಲು ಫೋನ್ ಕ್ಯಾಮೆರಾದ ಕೈವಾಡ. ಫೋನಿನ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಸಲಕ್ಕೆ ಹಿಡಿಯುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಕ್ಲಬ್ ಜಾಗ ಬದಲಿಸಿರುತ್ತದೆ, ನೆಟ್ಟಗಿರುವ ಶಾಫ್ಟೂ ಬಾಗಿದಂತೆ ಕಾಣುತ್ತದೆ. ನಿಜವಾದ ಬಾಗುವಿಕೆಯೂ ಇದೆ, ಆದರೆ ಅದರ ದಿಕ್ಕು ಇವರು ಹೇಳುವುದಕ್ಕೆ ಉಲ್ಟಾ. ದಿಕ್ಕು ಬದಲಾಗುವಾಗ ಶಾಫ್ಟ್ ಹಿಂದಕ್ಕೆ ಬಾಗುತ್ತದೆ ಸರಿ, ಬಾಲ್ ಹತ್ತಿರ ಬರುವ ಹೊತ್ತಿಗೆ ಸಾಮಾನ್ಯವಾಗಿ ಎಲ್ಲರಲ್ಲೂ ಮುಂದಕ್ಕೆ ಬಾಗಿರುತ್ತದೆ, ತಲೆ ಶಾಫ್ಟ್‌ಗಿಂತ ಮುಂದೆ. ಸೆಕೆಂಡಿಗೆ 240 ಫ್ರೇಮ್‌ನ ಸ್ಲೋ ಮೋಷನ್ ಹಾಕಿದರೂ ಗಂಟೆಗೆ 180 ಕಿ.ಮೀ. ವೇಗದ ಡ್ರೈವರ್ ಒಂದು ಫ್ರೇಮ್‌ನಿಂದ ಇನ್ನೊಂದಕ್ಕೆ ಸುಮಾರು 20 ಸೆಂ.ಮೀ. ಓಡಿರುತ್ತದೆ. ಅಂಥ ಚಿತ್ರದ ಮೇಲೆ ಗೆರೆ ಎಳೆದು, ಇಂಪ್ಯಾಕ್ಟ್‌ನಲ್ಲಿ ಇಷ್ಟೇ ಡಿಗ್ರಿ ಲ್ಯಾಗ್ ಅಂತ ಯಾರಾದರೂ ಬರೆದಿದ್ದರೆ, ಮುಂದಿನ ವಿಡಿಯೊಗೆ ಹೋಗಿ.