ಮರುಭೂಮಿಯವರು ಬೀದರಿಗೆ ತಂದ ನೀರು

ಕ್ರಿ.ಪೂ. 209ರ ಸುಮಾರಿಗೆ ಇರಾನಿನ ಉತ್ತರದಲ್ಲಿ ಒಂದು ವಿಚಿತ್ರ ಜಗಳ ನಡೆಯಿತು. ಸೆಲ್ಯೂಸಿಡ್ ದೊರೆ ಮೂರನೇ ಆಂಟಿಯೋಕಸ್ ದೊಡ್ಡ ದಂಡು ಕಟ್ಟಿಕೊಂಡು ಪಾರ್ಥಿಯಾದ ಅರಸ ಅರ್ಸಾಕಿಸ್‌ನ ಬೆನ್ನು ಹತ್ತಿದ್ದ. ನಡುವೆ ಮರುಭೂಮಿ. ಅಷ್ಟು ಜನ, ಅಷ್ಟು ಕುದುರೆ, ನೀರಿಲ್ಲದೆ ಅದನ್ನು ದಾಟಲಾರರು ಎಂಬುದು ಅರ್ಸಾಕಿಸ್‌ನ ಲೆಕ್ಕ. ಆಂಟಿಯೋಕಸ್ ಹೊರಟೇಬಿಟ್ಟ. ಆಗ ಅರ್ಸಾಕಿಸ್ ಸವಾರರನ್ನು ಕಳಿಸಿ ದಾರಿಯ ಬಾವಿಗಳ ಬಾಯಿ ಮುಚ್ಚಿಸಲು ಶುರು ಮಾಡಿದ. ಆಂಟಿಯೋಕಸ್ ಸಾವಿರ ಸವಾರರನ್ನು ಮುಂದೆ ಅಟ್ಟಿದ. ಮುಚ್ಚುತ್ತಿದ್ದವರು ಓಡಿಹೋದರು, ದಂಡು ಮರುಭೂಮಿ ದಾಟಿತು.

ಇದನ್ನು ಬರೆದಿಟ್ಟವನು ಗ್ರೀಕ್ ಇತಿಹಾಸಕಾರ ಪೊಲಿಬಿಯಸ್. ಆ ಸೀಮೆಯಲ್ಲಿ ಮೇಲೆಲ್ಲೂ ನೀರು ಕಾಣುವುದಿಲ್ಲ, ಆದರೆ ನೆಲದಡಿ ಆ ಬಾವಿಗಳಿಗೆ ಸೇರುವ ಕಾಲುವೆಗಳಿವೆ, ಊರು ಬಲ್ಲವರಿಗೆ ಮಾತ್ರ ಅವು ಗೊತ್ತು ಎನ್ನುತ್ತಾನೆ. ಒಣನೆಲಕ್ಕೆ ನೀರು ತಂದವನಿಗೆ ಆ ಭೂಮಿಯನ್ನು ಐದು ತಲೆಮಾರು ಅನುಭವಿಸುವ ಹಕ್ಕನ್ನು ಪರ್ಷಿಯನ್ನರು ಕೊಡುತ್ತಿದ್ದರಂತೆ. ಅಂತರ್ಜಲದ ಕೆಲಸ ಮಾಡುವ ನನಗೆ ಯುದ್ಧಕ್ಕಿಂತ ಈ ಐದು ತಲೆಮಾರಿನ ಮಾತೇ ಜಾಸ್ತಿ ರುಚಿಸುತ್ತದೆ. ಯಾಕೆಂದರೆ ಆ ಕಾಲುವೆ ತೋಡುವುದು ಒಬ್ಬನ ಆಯಸ್ಸಿನಲ್ಲಿ ಲಾಭ ಎಣಿಸುವ ಕೆಲಸವಾಗಿರಲಿಲ್ಲ.

ಇರಾನಿನವರು ಇದನ್ನು ಕನಾತ್ ಎನ್ನುತ್ತಾರೆ, ಕರೇಜ್ ಎಂದೂ ಹೇಳುತ್ತಾರೆ. ಬೀದರಿನವರಿಗೆ ಈ ಎರಡನೇ ಹೆಸರು ಹೊಸದಲ್ಲ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮರುಭೂಮಿ ಅಂದ ಕೂಡಲೇ ಜನ ಮರಳು, ಒಂಟೆ, ಬಿಸಿಲ್ಗುದುರೆ ಎನ್ನುತ್ತಾರೆ. ನಮ್ಮ ಕಸುಬಿನಲ್ಲಿ ನೋಡುವುದು ಜಮಾ-ಖರ್ಚು. ಬೀಳುವ ಮಳೆ ಎಷ್ಟು, ಬಿಸಿಲು ಗಾಳಿ ಸೇರಿ ಹೀರಬಲ್ಲ ನೀರು ಎಷ್ಟು? ಮಳೆ ಅದರ ಐದನೇ ಒಂದು ಭಾಗವೂ ಇಲ್ಲದಿದ್ದರೆ ಅದು ಶುಷ್ಕ ನಾಡು. ಇಪ್ಪತ್ತನೇ ಒಂದು ಭಾಗವೂ ಇಲ್ಲದಿದ್ದರೆ ಅತಿ ಶುಷ್ಕ. ಸಹಾರಾದಲ್ಲೇ ಮರಳ ದಿಬ್ಬಗಳಿರುವುದು ಸುಮಾರು ಕಾಲು ಭಾಗದಲ್ಲಿ. ಮಿಕ್ಕದ್ದೆಲ್ಲ ಗರಸು, ಬಂಡೆ, ಬೋಳು ಬೆಟ್ಟ. ಸಿನಿಮಾದವರು ಮರಳನ್ನೇ ತೋರಿಸುತ್ತಾರೆ, ಏನು ಮಾಡೋದು.

ಇರಾನಿನ ನಡುಭಾಗದಲ್ಲಿ ಯಜ್ದ್ ಎಂಬ ಊರಿದೆ. ವರ್ಷಕ್ಕೆ ಅಲ್ಲಿ ಬೀಳುವ ಮಳೆ 60 ಮಿಲಿಮೀಟರ್ ಆಸುಪಾಸು. ನಮ್ಮ ಕರಾವಳಿಯಲ್ಲಿ ಜುಲೈ ತಿಂಗಳ ಒಂದೇ ಮಧ್ಯಾಹ್ನ ಅಷ್ಟು ಸುರಿದುಬಿಡುತ್ತದೆ. ಆದರೂ ಯಜ್ದ್ ಸಾವಿರಾರು ವರ್ಷ ಬದುಕಿದೆ, ರೇಷ್ಮೆ ನೇಯ್ದಿದೆ, ದಾಳಿಂಬೆ ಬೆಳೆದಿದೆ. ಹೇಗೆ ಅಂದರೆ, ಊರಿನ ಬೆನ್ನಿಗೆ ಬೆಟ್ಟವಿದೆ, ಬೆಟ್ಟದ ಮೇಲೆ ಚಳಿಗಾಲದಲ್ಲಿ ಹಿಮ ಬೀಳುತ್ತದೆ.

ಹಿಮ ಕರಗಿದ ನೀರು ಬೆಟ್ಟದ ಬುಡಕ್ಕೆ ಬರುತ್ತದೆ. ಅಲ್ಲಿ ಪ್ರವಾಹಗಳು ಸಾವಿರಾರು ವರ್ಷಗಳಿಂದ ತಂದು ಸುರಿದ ಕಲ್ಲು, ಜಲ್ಲಿ, ಮರಳು ಬೀಸಣಿಗೆಯ ಆಕಾರದಲ್ಲಿ ಹರಡಿಕೊಂಡಿರುತ್ತದೆ. ನೀರು ಅದರೊಳಗೆ ಇಂಗಿಬಿಡುತ್ತದೆ. ಕೆಳಗಿನ ಬಯಲಿಗೆ ಮೇಲ್ಮೈಯಲ್ಲಿ ಒಂದು ಹನಿಯೂ ಬರುವುದಿಲ್ಲ. ಈಗ ಗಮನಿಸಬೇಕಾದದ್ದು ಇಳಿಜಾರನ್ನು. ನೆಲ ಬೆಟ್ಟದಿಂದ ಊರಿನ ಕಡೆಗೆ ಚೆನ್ನಾಗಿ ಇಳಿಯುತ್ತದೆ. ಊರಿನ ಮಟ್ಟದಿಂದ ಶುರು ಮಾಡಿ ಬೆಟ್ಟದ ಕಡೆಗೆ ಹೆಚ್ಚುಕಡಿಮೆ ಮಟ್ಟಸವಾಗಿ ಸುರಂಗ ಕೊರೆಯುತ್ತ ಹೋದರೆ, ತಲೆಯ ಮೇಲಿನ ನೆಲ ಎತ್ತರವಾಗುತ್ತ ಹೋಗುತ್ತದೆ. ಸುರಂಗ ಒಂದು ಕಡೆ ನೀರಿನ ಮಟ್ಟವನ್ನು ಮುಟ್ಟುತ್ತದೆ. ಅಲ್ಲಿಂದ ನೀರು ತನ್ನಷ್ಟಕ್ಕೆ ತಾನೇ ಊರಿಗೆ ಹರಿದು ಬರುತ್ತದೆ. ಏತ ಬೇಡ, ಎತ್ತು ಬೇಡ, ಕರೆಂಟ್ ಬೇಡ. ನೆಲದೊಳಗೇ ಇರುವುದರಿಂದ ಬಿಸಿಲಿಗೆ ಆರುವ ಭಯವೂ ಕಡಿಮೆ.

ಹೇಳುವುದು ಸುಲಭ. ತೋಡುವುದು ಹಾಗಲ್ಲ. ಮೊದಲು ಬೆಟ್ಟದ ಬುಡದಲ್ಲಿ ಒಂದು ಬಾವಿ ತೋಡುತ್ತಾರೆ. ಇದು ತಾಯಿ ಬಾವಿ. ನೀರು ಸಿಕ್ಕ ಮೇಲೆ ಕೆಲವು ದಿನ ಸುಮ್ನೆ ನೀರೆತ್ತುತ್ತ ಕೂರುತ್ತಾರೆ, ಎತ್ತಿದಷ್ಟೂ ಮತ್ತೆ ತುಂಬುತ್ತದೆಯೇ ಎಂದು ನೋಡುತ್ತಾರೆ. ಇವತ್ತು ನಾವು ಬೋರ್‌ವೆಲ್‌ಗೆ ಮಾಡುವ ಪಂಪಿಂಗ್ ಟೆಸ್ಟ್ ಇದೇ. ಆಮೇಲೆ ಹಗ್ಗ, ನೀರಿನ ಮಟ್ಟಗೋಲು ಹಿಡಿದು ತಾಯಿ ಬಾವಿಯ ನೀರಿನ ಮಟ್ಟಕ್ಕೂ ಊರಿನ ನೆಲಕ್ಕೂ ಇರುವ ಅಂತರ ಅಳೆಯುತ್ತಾರೆ. ಸುರಂಗದ ಇಳಿಜಾರು ಕಿಲೋಮೀಟರಿಗೆ ಒಂದು ಮೀಟರ್ ಇದ್ದರೆ ಸಾಕು. ಜಾಸ್ತಿಯಾದರೆ ನೀರು ರಭಸವಾಗಿ ಹರಿದು ತಳ ಕೊರೆಯುತ್ತದೆ. ಕಡಿಮೆಯಾದರೆ ಹೂಳು ತುಂಬುತ್ತದೆ. ಸುಮಾರು ಸಾವಿರ ವರ್ಷದ ಹಿಂದೆ ಅಲ್-ಕರಾಜಿ ಎಂಬ ಗಣಿತಜ್ಞ ನೆಲದಡಿಯ ನೀರು ತೆಗೆಯುವುದರ ಬಗ್ಗೆಯೇ ಒಂದು ಗ್ರಂಥ ಬರೆದ, ಅದರಲ್ಲಿ ಈ ಮಟ್ಟ ಹಿಡಿಯುವ ವಿಧಾನಗಳಿಗೆ ದೊಡ್ಡ ಜಾಗ ಕೊಟ್ಟಿದ್ದಾನೆ. ನಮ್ಮಲ್ಲಿ ಇವತ್ತಿಗೂ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬೋರ್‌ವೆಲ್ ಪಾಯಿಂಟ್ ಮಾಡುತ್ತಾರೆ, ಅದು ಬೇರೆ ವಿಷಯ.

ಕೊರೆಯುವುದು ಊರಿನ ತುದಿಯಿಂದ ಬೆಟ್ಟದ ಕಡೆಗೆ. ಹಾಗಾದರೆ ನೀರು ಸಿಕ್ಕರೂ ಕೆಲಸಗಾರನ ಹಿಂದಕ್ಕೆ ಹರಿದುಹೋಗುತ್ತದೆ. ಸುರಂಗದ ಎತ್ತರ ಒಬ್ಬ ಬಗ್ಗಿ ನಡೆಯುವಷ್ಟು, ಅಗಲ ಎರಡು ಭುಜ ಹಿಡಿಸುವಷ್ಟು. ಗಾಳಿಗೂ, ಮಣ್ಣು ಮೇಲೆತ್ತುವುದಕ್ಕೂ ಸಾಲಾಗಿ ಕಂಡಿಗಳನ್ನು ಇಳಿಸುತ್ತಾರೆ. ಎತ್ತಿದ ಮಣ್ಣನ್ನು ಕಂಡಿಯ ಸುತ್ತಲೇ ಗುಡ್ಡೆ ಹಾಕುತ್ತಾರೆ. ವಿಮಾನದಿಂದ ನೋಡಿದರೆ ಬಯಲಿನುದ್ದಕ್ಕೂ ಉಂಗುರಗಳ ಸಾಲು ಕಾಣುತ್ತದೆ. ಒಳಗೆ ಎರಡು ದೀಪ ಇಟ್ಟು, ಒಂದರ ಹಿಂದೆ ಒಂದು ಮರೆಯಾಗುವಂತೆ ನೋಡಿಕೊಂಡು ನೇರ ದಾರಿ ಹಿಡಿಯುತ್ತಾರೆ. ದೀಪ ಮಂಕಾದರೆ ಗಾಳಿ ಕೆಟ್ಟಿದೆ ಎಂದರ್ಥ, ಮೇಲೆ ಬರಬೇಕು. ಮೆತ್ತನೆಯ ಮಣ್ಣು ಸಿಕ್ಕಲ್ಲಿ ಸುಟ್ಟ ಮಣ್ಣಿನ ದೊಡ್ಡ ಬಳೆಗಳನ್ನು ಕೂರಿಸುತ್ತಾರೆ. ಈ ಕೆಲಸದವರಿಗೆ ಮುಖನ್ನಿ ಎಂದು ಹೆಸರು. ಅವರು ಬಿಳಿ ಬಟ್ಟೆ ಹಾಕಿ ಇಳಿಯುತ್ತಿದ್ದರಂತೆ. ಒಳಗೇ ಕುಸಿದು ಸತ್ತರೆ ಅದೇ ಕಫನ್.

ಇರಾನಿನ ಪೂರ್ವದ ಗೋನಾಬಾದ್‌ನಲ್ಲಿರುವ ಕನಾತ್ ಸುಮಾರು 33 ಕಿಲೋಮೀಟರ್ ಉದ್ದ. ಅದರ ತಾಯಿ ಬಾವಿ 300 ಮೀಟರಿಗೂ ಆಳ. ಅಡಿಗಳಲ್ಲಿ ಹೇಳಿದರೆ ಸಾವಿರ. ಅಷ್ಟು ಆಳ ಕೈಯಿಂದ ತೋಡಿದ್ದು. 2016ರಲ್ಲಿ ಯುನೆಸ್ಕೋ ಇದನ್ನೂ ಸೇರಿಸಿ 11 ಕನಾತ್‌ಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ತಂದಿತು.

ನೀರು ಬಂದ ಮೇಲೆ ಹಂಚಬೇಕಲ್ವಾ? ಇರಾನಿನಲ್ಲಿ ಹೊತ್ತಿನ ಲೆಕ್ಕದಲ್ಲಿ ಹಂಚುತ್ತಿದ್ದರು. ದೊಡ್ಡ ಪಾತ್ರೆಯ ನೀರಿನ ಮೇಲೆ ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲು ತೇಲಿಬಿಡುವುದು. ಬಟ್ಟಲು ತುಂಬಿ ಮುಳುಗಿದರೆ ಒಂದು ಪಾಲು ಮುಗಿಯಿತು. ಪಕ್ಕದಲ್ಲಿ ಒಬ್ಬ ಹಗಲೂ ರಾತ್ರಿ ಕೂತು ಲೆಕ್ಕ ಇಡುತ್ತಿದ್ದ. ನಮ್ಮ ಹಳೆಯ ಘಳಿಗೆ ಬಟ್ಟಲೂ ಇದೇ ರೀತಿಯದು. ಅಲ್ಜೀರಿಯಾದ ತುವಾತ್ ಸೀಮೆಯಲ್ಲಿ ಬೇರೆ ದಾರಿ. ಅಲ್ಲಿ ಕನಾತ್‌ಗೆ ಫೊಗಾರಾ ಎಂದು ಹೆಸರು. ನೀರು ಹೊರಬರುವ ಜಾಗದಲ್ಲಿ ಬಾಚಣಿಗೆಯಂತೆ ಹಲ್ಲು ಕೊರೆದ ಕಲ್ಲೊಂದನ್ನು ಅಡ್ಡ ಇಡುತ್ತಾರೆ. ಯಾರ ಪಾಲು ಎಷ್ಟೋ ಅಷ್ಟು ಅಗಲದ ಸಂದು. ನೀರು ಹೆಚ್ಚಾದರೆ ಎಲ್ಲರಿಗೂ ಹೆಚ್ಚು, ಇಳಿದರೆ ಎಲ್ಲರಿಗೂ ಕಡಿಮೆ. ನನ್ನ ಮಟ್ಟಿಗೆ ಈ ಕಲ್ಲಿಗೇ ಹೆಚ್ಚು ಅಂಕ. ಬಟ್ಟಲಿನ ಲೆಕ್ಕದಲ್ಲಿ ಕೂತವನ ಕಣ್ಣು ಮುಚ್ಚಿಸಬಹುದು, ಕಲ್ಲಿನ ಕಣ್ಣು ಮುಚ್ಚಿಸುವುದು ಕಷ್ಟ.

ಮಧ್ಯ ಇರಾನಿನ ಕೆಲವು ಹಳ್ಳಿಗಳಲ್ಲಿ ಕನಾತ್‌ಗೆ ಮದುವೆ ಮಾಡುವ ಪದ್ಧತಿ ಇತ್ತು. ನೀರು ಕಡಿಮೆಯಾದರೆ ಕನಾತ್‌ಗೆ ಒಂಟಿತನ ಎಂದು ತಿಳಿದು, ಊರಿನ ಒಬ್ಬ ವಿಧವೆಯ ಜೊತೆ ಅದಕ್ಕೆ ಮದುವೆ ಮಾಡುತ್ತಿದ್ದರು. ಆಕೆ ಆ ನೀರಿನಲ್ಲಿ ಸ್ನಾನ ಮಾಡಬೇಕು. ಊರಿನವರು ಆಕೆಗೆ ಧಾನ್ಯದ ಪಾಲು ಕೊಡುತ್ತಿದ್ದರು. ಮಳೆ ಬಾರದಿದ್ದರೆ ಕಪ್ಪೆಗೆ, ಕತ್ತೆಗೆ ಮದುವೆ ಮಾಡಿಸುವ ನಾವು ಇದನ್ನು ಕೇಳಿ ನಗುವ ಹಾಗಿಲ್ಲ. ಅದೂ ಅಲ್ಲದೆ, ದಿಕ್ಕಿಲ್ಲದ ಹೆಂಗಸಿಗೆ ಊರೇ ಕೂಳು ಕೊಡುವ ಏರ್ಪಾಟು ಅದರೊಳಗಿತ್ತು. ಕಪ್ಪೆ ಮದುವೆಯಲ್ಲಿ ಅದೂ ಇಲ್ಲ.

ಸುತ್ತ ಬೋಳು ಬಯಲು, ಒಳಗೆ ಗೋಡೆ ಕಟ್ಟಿದ ತೋಟ, ನಡುವೆ ಅಡ್ಡಡ್ಡ ಹರಿಯುವ ಕಾಲುವೆಗಳು, ಅವು ಮಾಡಿದ ನಾಲ್ಕು ಭಾಗಗಳಲ್ಲಿ ಗಿಡಮರ. ಪರ್ಷಿಯಾದ ಈ ತೋಟಗಳ ಪೈಕಿ ಎಷ್ಟೋ ಕನಾತ್ ನೀರಿನವು. ಸ್ವರ್ಗ ಎಂದರೆ ಹರಿಯುವ ನೀರಿರುವ ತೋಟ ಎಂಬ ಕಲ್ಪನೆಯೂ ಒಣ ಸೀಮೆಗಳಲ್ಲೇ ಬೆಳೆದದ್ದು. ದಿನಾ ಮಳೆಯಲ್ಲಿ ನೆನೆಯುವ ಆಗುಂಬೆಯಲ್ಲಿ ಯಾರಾದರೂ ಸ್ವರ್ಗ ಕಲ್ಪಿಸಿದ್ದರೆ ಅಲ್ಲಿ ಬೆಚ್ಚಗಿನ ಒಲೆ ಇರುತ್ತಿತ್ತೇನೋ. ಆ ನಾಲ್ಕು ಭಾಗದ ತೋಟದ ವಿನ್ಯಾಸ ಮೊಘಲರ ಕಾಲದಲ್ಲಿ ನಮ್ಮ ದೇಶದಲ್ಲೂ ಬೇರೂರಿತು.

ತೋಡುವ ವಿದ್ಯೆಯೂ ಹೀಗೇ ಊರೂರು ದಾಟಿತು. ಒಮಾನ್, ಮೊರಾಕೊದ ಮರಾಕೇಶ್, ಸ್ಪೇನ್, ಚೀನಾದ ತುರ್ಪಾನ್. ಮಧ್ಯಪ್ರದೇಶದ ಬುರ್ಹಾನ್‌ಪುರದಲ್ಲಿ ಮೊಘಲರ ಕಾಲದ ಕುಂಡಿ ಭಂಡಾರ ಎಂಬ ಇಂಥದ್ದೇ ವ್ಯವಸ್ಥೆ ಇದೆ.

ಬಹಮನಿ ದೊರೆ ಅಹಮದ್ ಷಾ ವಲಿ 15ನೇ ಶತಮಾನದ ಮೊದಲ ಭಾಗದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಇರಾನಿನ ಕಡೆಯಿಂದ ವಿದ್ವಾಂಸರು, ವ್ಯಾಪಾರಿಗಳು, ಕುಶಲಕರ್ಮಿಗಳು ಬಹಮನಿ ರಾಜ್ಯಕ್ಕೆ ಬಂದರು. ಕರೇಜ್ ಅವರ ಜೊತೆ ಬಂತು. ಆದರೆ ಬೀದರ್ ಮರುಭೂಮಿಯೇನಲ್ಲವಲ್ಲ? ವರ್ಷಕ್ಕೆ 800 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು. ತೊಂದರೆ ಏನೆಂದರೆ ಊರು, ಕೋಟೆ ಎರಡೂ ಗುಡ್ಡದ ತಲೆಯ ಮೇಲಿವೆ. ಬಿದ್ದ ನೀರು ನಿಲ್ಲುವುದಿಲ್ಲ, ಸುತ್ತಲ ತಗ್ಗಿಗೆ ಇಳಿದುಹೋಗುತ್ತದೆ. ವೈರಿಗಳು ಮುತ್ತಿಗೆ ಹಾಕಿದರೆ ಕೆಳಗಿನ ಕೆರೆ ಇದ್ದೂ ಪ್ರಯೋಜನವಿಲ್ಲ.

ಆ ಗುಡ್ಡದ ಕಲ್ಲು ನೋಡಿದರೆ ಕರೇಜ್ ಯಾಕೆ ಒಗ್ಗಿತು ಎಂದು ಗೊತ್ತಾಗುತ್ತದೆ. ಮೇಲೆ ಜಂಬಿಟ್ಟಿಗೆಯ ದಪ್ಪ ಪದರ, ಮೈಯೆಲ್ಲ ತೂತು. ಮಳೆ ನೀರು ಅದರೊಳಗೆ ಸಲೀಸಾಗಿ ಇಳಿಯುತ್ತದೆ. ಕೆಳಗೆ ಜೇಡಿ, ಅದರ ಕೆಳಗೆ ದಖ್ಖನ್ನಿನ ಕಪ್ಪುಕಲ್ಲು. ಅಲ್ಲಿ ನೀರಿನ ಇಳಿತ ನಿಧಾನವಾಗುತ್ತದೆ, ಪಕ್ಕಕ್ಕೆ ಸರಿಯಲು ಶುರುವಾಗುತ್ತದೆ. ಆ ಕೂಡುವ ಜಾಗದ ಹತ್ತಿರ ಸುರಂಗ ಓಡಿಸಿದರೆ ನೀರು ಸಿಗುತ್ತದೆ. ಜಂಬಿಟ್ಟಿಗೆ ಕಡಿಯಲು ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ಇರಾನಿನಲ್ಲಿ ಬೇಕಾಗುತ್ತಿದ್ದ ಮಣ್ಣಿನ ಬಳೆ ಇಲ್ಲಿ ಬೇಕಿಲ್ಲ. ನೌಬಾದಿನ ಕರೇಜ್ ಒಳಗೆ ಟಾರ್ಚ್ ಹಾಕಿ ನೋಡಿದರೆ ಗೋಡೆಯ ಮೇಲೆ ಉಳಿಪೆಟ್ಟಿನ ಗೀರುಗಳು ಸಾಲಾಗಿ ಕಾಣುತ್ತವೆ. ನೀರು ಕಣಕಾಲಿಗೆ ಬಂದರೂ ಕಲಕುವುದಿಲ್ಲ. ನೌಬಾದಿನದಲ್ಲದೆ ಶುಕ್ಲತೀರ್ಥ, ಜಮ್ನಾ ಮೋರಿ ಎಂದು ಇನ್ನೂ ಎರಡು ಕರೇಜ್‌ಗಳು ಬೀದರಿನಲ್ಲಿವೆ. ವಿಜಯಪುರದ ಆದಿಲ್‌ಷಾಹಿಗಳೂ ತೊರವಿ ಕಡೆಯಿಂದ ನೆಲದಡಿಯಲ್ಲೇ ನೀರು ತಂದಿದ್ದರು. ಅಲ್ಲಿನ ಸುರಂಗ ಬಾವಡಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್‌ನ 2020ರ ಕಾಳಜಿಯ ಪಟ್ಟಿಗೆ ಸೇರಿತು.

ಕಾಸರಗೋಡು, ದಕ್ಷಿಣ ಕನ್ನಡದವರು ಇಲ್ಲಿ ಕೈ ಎತ್ತುತ್ತಾರೆ ಎಂದು ಗೊತ್ತು. ನಿಮ್ಮ ಗುಡ್ಡದ ಸುರಂಗಗಳೂ ಜಂಬಿಟ್ಟಿಗೆಯಲ್ಲೇ ಕೊರೆದವು, ತತ್ತ್ವವೂ ಇದೇ. ಆದರೆ ಅವು ಗಿಡ್ಡ, ಒಂದು ಮನೆಯ ತೋಟಕ್ಕಾಗುವಂಥವು. ಆ ಕಲ್ಲೇ ಹಾಗೆ ಹೇಳಿಕೊಡುತ್ತದೆ, ಇರಾನಿನಿಂದ ಯಾರೂ ಬಂದು ಕಲಿಸಬೇಕಿಲ್ಲ ಎನ್ನುವುದು ನನ್ನ ಅನಿಸಿಕೆ.

ಕನಾತ್‌ನ ದೊಡ್ಡ ಗುಣ ಅದರ ಮಿತಿಯಲ್ಲೇ ಇದೆ. ನೀರಿನ ಮಟ್ಟ ಸುರಂಗಕ್ಕಿಂತ ಕೆಳಗಿಳಿದರೆ ಹರಿವು ನಿಲ್ಲುತ್ತದೆ, ಅಷ್ಟೇ. ಇನ್ನೂ ಕೆಳಗಿನದ್ದನ್ನು ಎಳೆಯಲು ಅದಕ್ಕೆ ಆಗುವುದಿಲ್ಲ. ಪಂಪಿಗೆ ಈ ಮುಲಾಜಿಲ್ಲ. 1960ರ ದಶಕದ ಭೂಸುಧಾರಣೆಯ ನಂತರ ಇರಾನಿನಲ್ಲಿ ಕನಾತ್ ನೋಡಿಕೊಳ್ಳುತ್ತಿದ್ದ ಹಳೆಯ ವ್ಯವಸ್ಥೆ ಸಡಿಲವಾಯಿತು, ಆಳದ ಕೊಳವೆಬಾವಿಗಳು ಬಂದವು. ಮಟ್ಟ ಇಳಿಯಿತು, ಕನಾತ್‌ಗಳು ಬತ್ತಿದವು. ಟೆಹ್ರಾನಿನ ಬಯಲಲ್ಲಿ ಕೆಲವೆಡೆ ನೆಲವೇ ವರ್ಷಕ್ಕೆ 20 ಸೆಂಟಿಮೀಟರಿಗಿಂತ ಹೆಚ್ಚು ಕುಸಿಯುತ್ತಿದೆ. ನೀರು ಹೋದ ಮೇಲೆ ಜೇಡಿಯ ಪದರಗಳು ಅಮುಕಿಕೊಳ್ಳುತ್ತವೆ. ಮತ್ತೆ ಮಳೆ ಬಂದರೂ ಅವು ಮೊದಲಿನ ಹಾಗೆ ಉಬ್ಬುವುದಿಲ್ಲ. ಕೋಲಾರದಲ್ಲಿ ಸಾವಿರ ಅಡಿ ದಾಟಿ ಕೊರೆದರೂ ಹೀಗಾಗಿಲ್ಲ, ಯಾಕೆಂದರೆ ನಮ್ಮದು ಗಟ್ಟಿ ಬಂಡೆ. ಬಂಡೆ ಕುಸಿಯುವುದಿಲ್ಲ, ಸುಮ್ನೆ ಖಾಲಿಯಾಗುತ್ತದೆ.

ಇಷ್ಟು ಕೇಳಿದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ, ಹಾಗಾದರೆ ಹೊಸ ಕರೇಜ್ ತೋಡಬಹುದಲ್ವಾ ಎಂದು. ಬೇಡ ಎನ್ನುತ್ತೇನೆ. ಅದು ಬಡವರ ಪ್ರಾಣ ತಿಂದ ಕೆಲಸ. ಬೇಡದ ಚಳಿಗಾಲದಲ್ಲೂ ನೀರು ಹರಿದು ಹೋಗುತ್ತಲೇ ಇರುತ್ತದೆ, ನಲ್ಲಿ ತಿರುಗಿಸಿ ನಿಲ್ಲಿಸುವ ಹಾಗಿಲ್ಲ. ಇರುವುದನ್ನು ಉಳಿಸಿಕೊಳ್ಳುವುದಕ್ಕೆ ಮಾತ್ರ ಹಳಬರ ಒಂದು ನಿಯಮ ಬೇಕು. ಕನಾತ್ ಸುತ್ತ ಇಷ್ಟು ದೂರದೊಳಗೆ ಬೇರೆಯವರು ಬಾವಿ ತೋಡುವಂತಿಲ್ಲ ಎಂದು ಇಸ್ಲಾಮಿಕ್ ಕಾನೂನಿನಲ್ಲೇ ಇತ್ತು. ಮಣ್ಣು ಮೆತ್ತಗಿದ್ದರೆ ಆ ದೂರ ಹೆಚ್ಚು, ಗಟ್ಟಿಯಿದ್ದರೆ ಕಡಿಮೆ. ನಮ್ಮ ರಾಜ್ಯದಲ್ಲೂ 1999ರ ಕಾಯ್ದೆಯ ಪ್ರಕಾರ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ ತೆಗೆಯುವಂತಿಲ್ಲ. ಬೀದರಿನ ಕರೇಜ್‌ಗೆ ಇದೇ ಮಾದರಿಯ ರಕ್ಷಣೆ ಬೇಕು. ಅದಕ್ಕೆ ಮೊದಲು ಕಂಡಿಗಳ ಸಾಲು, ಕರೇಜ್‌ಗೆ ನೀರು ಇಂಗಿಸುವ ಮೇಲಿನ ಜಮೀನು ಎರಡೂ ಸರ್ವೆ ನಕ್ಷೆಯಲ್ಲಿ ಸರ್ವೆ ನಂಬರಿನ ಸಮೇತ ಗುರುತಾಗಬೇಕು. ಲೇಔಟ್‌ಗೆ ಮಂಜೂರಾತಿ ಕೊಡುವವರ ಮೇಜಿನ ಮೇಲೆ ಆ ನಕ್ಷೆ ಇರಬೇಕು.