ಮಹಾಳಿಯ ಲೆಕ್ಕ, ರೆಡ್ ಅಲರ್ಟಿನ ಲೆಕ್ಕ

ರೆಡ್ ಅಲರ್ಟ್ ಎಂದು ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಸಾರಿದ ದಿನ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಬಿಸಿಲು ಕಾಯ್ದರೆ ಸಾಕು, ಹವಾಮಾನ ಇಲಾಖೆಯನ್ನು ಗೇಲಿ ಮಾಡಲು ಒಂದು ವಾರಕ್ಕಾಗುವಷ್ಟು ಸರಕು ಸಿಗುತ್ತದೆ. ಗೇಲಿ ಮಾಡುವವರಲ್ಲಿ ಅಡಿಕೆ ಕೃಷಿಕರೂ ಇರುತ್ತಾರೆ. ಅದೇ ಕೃಷಿಕರು ಮೇ ಕೊನೆಯಲ್ಲಿ, ತೋಟದ ಒಂದೇ ಒಂದು ಕಾಯಿಗೂ ಮಹಾಳಿ, ಅಂದರೆ ಕೊಳೆರೋಗ, ತಗಲದಿರುವಾಗಲೇ, ಮರಕ್ಕೆ ಮದ್ದು ಬಿಡಿಸಿರುತ್ತಾರೆ. ಈ ವರ್ಷ ರೋಗ ಬಂದೇ ಬರುತ್ತದೆಂದು ಅವರಿಗೆ ಯಾರೂ ಬರೆದುಕೊಟ್ಟಿರುವುದಿಲ್ಲ.

ಮೊದಲು ಆ ಕೆಂಪು ಬಣ್ಣದ ಅರ್ಥ ನೋಡೋಣ. ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ 64.5 ಮಿ.ಮೀ. ಮುಟ್ಟಿದರೆ ಭಾರೀ ಮಳೆ, 115.6 ಮುಟ್ಟಿದರೆ ಅತಿ ಭಾರೀ, 204.4 ಮೀರಿದರೆ ಅದಕ್ಕೂ ಮೇಲಿನದು. ಕೇರಳದಲ್ಲಿ ಇವಕ್ಕೆ ಕ್ರಮವಾಗಿ ಹಳದಿ, ಕಿತ್ತಳೆ, ಕೆಂಪು. ಪ್ರಕಟಣೆಯಲ್ಲಿ ಎಲ್ಲರೂ ಹಾರಿಸಿ ಓದುವ ಇನ್ನೊಂದು ಮಾತಿದೆ: ‘ಒಂದೆರಡು ಕಡೆ’. ಇದು ಬಾಯಿಮಾತಲ್ಲ, ಮಳೆಮಾಪಕಗಳಲ್ಲಿ ನೂರಕ್ಕೆ 25ಕ್ಕಿಂತ ಹೆಚ್ಚಿನವುಗಳಲ್ಲಿ ಅಷ್ಟು ಮಳೆ ದಾಖಲಾಗಲಿಕ್ಕಿಲ್ಲ ಎಂಬ ಅಳತೆ. ಮಳೆಮಾಪಕದ ಬಾಯಿಯೋ 200 ಚದರ ಸೆಂ.ಮೀ., ಒಂದು ಊಟದ ತಟ್ಟೆಗಿಂತ ಚಿಕ್ಕದು. ಜಿಲ್ಲೆಯ ವಿಸ್ತಾರ 1,992 ಚದರ ಕಿ.ಮೀ. ಘಟ್ಟದ ಬದಿಯ ಪಾಣತ್ತೂರಿನಲ್ಲಿ ಸುರಿದದ್ದು ಕುಂಬಳೆಯ ಅಂಗಳಕ್ಕೆ ಗೊತ್ತಾಗಬೇಕೆಂದಿಲ್ಲ.

(ಪಂಚಾಂಗದ ಆರ್ದ್ರಾ ಮಳೆ, ಪುಷ್ಯ ಮಳೆ, ಮಲಯಾಳದವರ ತಿರುವಾದಿರ ಞಾಟ್ಟುವೇಲ ಎಂದೂ ತಪ್ಪುವುದಿಲ್ಲ ಎನ್ನುತ್ತಾರೆ. ಹೇಗೆ ತಪ್ಪೀತು? ಎಷ್ಟು ಮಿ.ಮೀ., ಯಾವ ಊರಲ್ಲಿ, ಯಾವ ದಿನ ಎಂದು ಅದು ಹೇಳಿದ್ದರೆ ತಾನೇ ಅಂಕ ಕೊಡುವುದು!)

ಈಗ ಮದ್ದಿನ ಲೆಕ್ಕ. ಲೆಕ್ಕಕ್ಕೆಂದು ಒಂದು ತೋಟ ಇಟ್ಟುಕೊಳ್ಳೋಣ: ಮದ್ದು ಬಿಡಿಸಲು 10 ಸಾವಿರ ಖರ್ಚು, ಬಿಡಿಸದೆ ರೋಗ ಬಂದರೆ 1 ಲಕ್ಷ ನಷ್ಟ. ಖರ್ಚನ್ನು ನಷ್ಟದಿಂದ ಭಾಗಿಸಿದರೆ ಹತ್ತರಲ್ಲೊಂದು. ರೋಗ ಬರುವ ಸಾಧ್ಯತೆ ನೂರಕ್ಕೆ 10ಕ್ಕಿಂತ ಹೆಚ್ಚಿದ್ದರೆ ಮದ್ದು ಬಿಡುವುದೇ ಲಾಭ. ಸಾಧ್ಯತೆ ನೂರಕ್ಕೆ 20 ಎನ್ನಿ. ಹತ್ತು ವರ್ಷ ಬಿಡಿಸಿದರೆ ಖರ್ಚು 1 ಲಕ್ಷ; ಬಿಡಿಸದಿದ್ದರೆ ಸರಾಸರಿ ಎರಡು ವರ್ಷದ ಬೆಳೆ, ಅಂದರೆ 2 ಲಕ್ಷ, ನೆಲಕ್ಕೆ. ಗಮನಿಸಿ: ಈ ಹತ್ತರಲ್ಲಿ ಎಂಟು ವರ್ಷ ಮದ್ದು ‘ದಂಡ’. ಆದರೂ ತೀರ್ಮಾನ ಸರಿ. ಬಾವಿಕಟ್ಟೆ ಕಟ್ಟಿಸಿದ ಮೇಲೆ ಯಾರೂ ಬಾವಿಗೆ ಬೀಳಲಿಲ್ಲವೆಂದು ಮೇಸ್ತ್ರಿಯನ್ನು ಬೈಯುವವರುಂಟೇ?

ಈ ಮದ್ದಿನ, ಅಂದರೆ ಬೋರ್ಡೋ ದ್ರಾವಣದ, ಚರಿತ್ರೆಯೂ ಸೊಗಸಾಗಿದೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಬದಿಯ ದ್ರಾಕ್ಷಿ ಕದಿಯುವವರನ್ನು ಹೆದರಿಸಲು ಮೈಲುತುತ್ತು ಮತ್ತು ಸುಣ್ಣ ಬಳಿಯುತ್ತಿದ್ದರು. ಬಳಿದ ಬಳ್ಳಿಗೆ ಬೂಷ್ಟು ರೋಗ ಬಾರದ್ದನ್ನು ಸಸ್ಯವಿಜ್ಞಾನಿ ಮಿಲಾರ್ಡೆ ಕಂಡುಕೊಂಡು 1885ರಲ್ಲಿ ಪ್ರಕಟಿಸಿದ. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬಗ್ಗೆ 1910ರಲ್ಲಿ ಬರೆದ. ಬೋರ್ಡೋ ದ್ರಾವಣ ನಮ್ಮ ತೋಟಕ್ಕೆ ಬಂದದ್ದು ಆ ದಾರಿಯಲ್ಲಿ. 1 ಕಿಲೋ ಮೈಲುತುತ್ತು 50 ಲೀಟರಿನಲ್ಲಿ, 1 ಕಿಲೋ ಸುಣ್ಣ ಬೇರೆ 50 ಲೀಟರಿನಲ್ಲಿ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹೊಯ್ಯಬೇಕು. ಕಬ್ಬಿಣದ ಪಾತ್ರೆ ಸಲ್ಲ. ಉಜ್ಜಿದ ಕತ್ತಿಯನ್ನು ಅದ್ದಿದಾಗ ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು. ಮಾಡಿದ ದಿನವೇ ಮುಗಿಸಬೇಕು, 40–45 ದಿನ ಕಳೆದು ಎರಡನೇ ಸಲ ಬಿಡಬೇಕು. ಎರಡನೆಯದಕ್ಕೆ ಮಳೆ ಬಿಡುವು ಕೊಡಬೇಕಲ್ಲ, ಆಗ ಎಲ್ಲರಿಗೂ ಹವಾಮಾನ ಇಲಾಖೆಯ ನೆನಪಾಗುತ್ತದೆ.

ಜಿಲ್ಲಾಧಿಕಾರಿಯ ಮೇಜಿನ ಮೇಲಿರುವುದೂ ಇದೇ ಭಾಗಾಕಾರ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಅವರೇ. ಶಾಲೆಗೆ ರಜೆ ಕೊಟ್ಟರೆ ಹೋಗುವುದು ಒಂದು ದಿನದ ಪಾಠ; ಕೊಡದಿದ್ದರೆ ತೋಡು ದಾಟುವ ಮಗುವಿನ ಜೀವಕ್ಕೆ ಅಪಾಯ. ಆದ್ದರಿಂದ ಶಾಲೆಯ ಮಟ್ಟಿಗೆ ಸಣ್ಣ ಸಾಧ್ಯತೆಯೂ ಸಾಕು. ಕೆಂಪುಕಲ್ಲಿನ ಕೋರೆ ನಿಲ್ಲಿಸಲು, ಮಂಜೇಶ್ವರದ ದೋಣಿಗಳನ್ನು ತಡೆಯಲು ಎಷ್ಟು ಸಾಧ್ಯತೆ ಸಾಕೆಂಬ ಗೆರೆ ಬೇರೆ ಬೇರೆ. ಮುನ್ಸೂಚನೆ ಒಂದೇ, ತೀರ್ಮಾನ ಹಲವು. ಸಾಧ್ಯತೆ ಎಷ್ಟೆಂದು ವಿಜ್ಞಾನ ಹೇಳುತ್ತದೆ. ಗೆರೆ ಎಲ್ಲಿ ಎಳೆಯಬೇಕೆಂಬುದು ಮೋಡದಲ್ಲಿ ಬರೆದಿಲ್ಲ. ‘ವಿಜ್ಞಾನವೇ ಹೀಗೆಂದಿದೆ’ ಎಂದು ಆಡಳಿತ ಹೇಳಿದಾಗ ನನಗೆ ಅನುಮಾನ ಬರುವುದು ಇದಕ್ಕೇ.

ಅಡಿಕೆ ತೋಟದಲ್ಲಿ ಮದ್ದಿನ ಖರ್ಚೂ ಬೆಳೆಯ ನಷ್ಟವೂ ಒಂದೇ ಕಿಸೆಯದು. ರೆಡ್ ಅಲರ್ಟಿನಲ್ಲಾಗಲಿ ಹವಾಮಾನ ಬದಲಾವಣೆಯಲ್ಲಾಗಲಿ ಹಾಗಲ್ಲ, ಖರ್ಚು ಒಬ್ಬರ ಕಿಸೆಯದು, ನಷ್ಟ ಇನ್ನೊಬ್ಬರದು. ರಜೆ ದಿನ ಮಧ್ಯಾಹ್ನದೂಟ ತಪ್ಪುವುದು ಯಾರಿಗೆ, ಕೋರೆ ನಿಂತರೆ ದಿನಗೂಲಿ ಹೋಗುವುದು ಯಾರದು ಎಂದು ನೋಡಿದರೆ ಸಾಕು. 1988ರಲ್ಲಿ ಹುಟ್ಟಿದ ಐಪಿಸಿಸಿ (ಹವಾಮಾನ ಬದಲಾವಣೆಯ ಬಗ್ಗೆ ವರದಿ ಕೊಡುವ ವಿಶ್ವಸಂಸ್ಥೆಯ ಸಮಿತಿ) ಇದನ್ನು ತಿಳಿದೇ ಸರಕಾರಗಳಿಗೆ ‘ಹೀಗೆ ಮಾಡಿ’ ಎಂದು ಆದೇಶ ಕೊಡುವುದಿಲ್ಲ. ಅದು ಬಳಸುವ ಪದಗಳ ಹಿಂದೆ ಅಂಕಿಗಳಿವೆ: ಒಂದು ಪದ ನೂರಕ್ಕೆ 66ರಿಂದ ಮೇಲೆ, ಇನ್ನೊಂದು 90ರಿಂದ ಮೇಲೆ. ಕನ್ನಡದ ಸುದ್ದಿಯಲ್ಲಿ ಎರಡೂ ‘ಸಾಧ್ಯತೆ ಇದೆ’ ಆಗಿಬಿಡುತ್ತವೆ. ಓದುಗ ‘ಓ, ಅವರಿಗೇ ಖಾತ್ರಿಯಿಲ್ಲ’ ಎನ್ನುತ್ತಾನೆ. ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಭೂಮಿ ಅಂತಿಮವಾಗಿ 2.5ರಿಂದ 4 ಡಿಗ್ರಿ ಬಿಸಿಯಾಗಬಹುದು, ನಡುವಿನ ಅಂದಾಜು 3 ಎಂದು 2021ರ ವರದಿ ಹೇಳಿತು. ಖಾತ್ರಿಯಿಲ್ಲದ್ದು ಎಷ್ಟು ಎಂಬುದು. ಬಿಸಿಯಾಗುವುದು ಹೌದೋ ಅಲ್ಲವೋ ಎಂಬುದಲ್ಲ.

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ನೂರಕ್ಕೆ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಬೈರಾಸು ದಪ್ಪವಾದಂತೆ: ಒದ್ದೆಯಾಗಲು ಹೊತ್ತು ಬೇಕು, ಹಿಂಡಿದಾಗ ಬೀಳುವುದು ಜಾಸ್ತಿ. ಹಳೆಯ ಮಳೆಲೆಕ್ಕ ನೋಡಿ ಕಟ್ಟಿದ ಮೋರಿಗೆ ಪೆಟ್ಟು ಇಲ್ಲಿ. ‘25 ವರ್ಷಕ್ಕೊಮ್ಮೆ ಬರುವ ಮಳೆ’ ಎಂದರೆ ಈ ಸಲ ಬಂತು, ಇನ್ನು 25 ವರ್ಷ ನಿಶ್ಚಿಂತೆ ಎಂದಲ್ಲ. ಪ್ರತಿ ವರ್ಷವೂ ನೂರಕ್ಕೆ 4ರ ಸಾಧ್ಯತೆ. ಮೋರಿ 25 ವರ್ಷ ಬಾಳುವಷ್ಟರಲ್ಲಿ ಒಮ್ಮೆಯಾದರೂ ಅಂಥ ಮಳೆ ಬೀಳುವ ಸಾಧ್ಯತೆ ನೂರಕ್ಕೆ 64. ಅದೂ ಹವಾಮಾನ ಬದಲಾಗದೆ ಇದ್ದರೆ. ಕೇರಳಕ್ಕೆ 1924ರ ಬಳಿಕದ ಮಹಾಪ್ರವಾಹ 2018ರಲ್ಲಿ ಬಂತು. ಮರು ಆಗಸ್ಟಿನಲ್ಲೇ ಮತ್ತೆ ನೆರೆ, ಕವಳಪ್ಪಾರ ಮತ್ತು ಪುತ್ತುಮಲೆಯಲ್ಲಿ ಗುಡ್ಡ ಕುಸಿತ.

ಪಂಚಾಯತಿನ ಮೋರಿಗೆ 600 ಮಿ.ಮೀ. ವ್ಯಾಸದ ಕೊಳವೆಯ ಬದಲು 900ರದ್ದು ಹಾಕಿದರೆ, ಇಳಿಜಾರು ಅಷ್ಟೇ ಇದ್ದರೂ, ತುಂಬಿ ಹರಿಯುವ ನೀರು ಒಂದೂವರೆ ಪಟ್ಟಲ್ಲ, ಹೆಚ್ಚುಕಡಿಮೆ ಮೂರು ಪಟ್ಟು. ಅಗೆಯುವ ಕೂಲಿ, ಮೇಲಿನ ಡಾಮರು ಮೂರು ಪಟ್ಟಾಗುವುದಿಲ್ಲ. ಆದರೆ ಮೇ ತಿಂಗಳಲ್ಲಿ ಬಾಯಿಗೆ ಸಿಕ್ಕಿಕೊಂಡ ಸೋಗೆ, ಹಾಳೆ ಎಳೆದು ತೆಗೆಯದಿದ್ದರೆ 900ರ ಕೊಳವೆಯೂ 300ರದ್ದೇ.